ಪಿಎಚ್‌ಪಿ ಬಾಟ್‌ನಲ್ಲಿ ಪಠ್ಯ ಕಮಾಂಡ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಲಿಗ್ರಾಂ 2015ರ ಜೂನ್‌ನಲ್ಲಿ ಬಾಟ್‌ಗಳಿಗೆ, ಅಂದರೆ ಮೆಸೇಜಿಗೆ ತಾವೇ ಉತ್ತರಿಸುವ ಪ್ರೋಗ್ರಾಮ್‌ಗಳಿಗೆ, ಅವಕಾಶ ಕೊಟ್ಟಿತು. ಸಣ್ಣ ಹೋಸ್ಟಿಂಗ್, ಒಂದಿಷ್ಟು ಪಿಎಚ್‌ಪಿ ಗೊತ್ತಿದ್ದರೆ ಸಾಕು, ಊರಿನ ಜನಕ್ಕೆ ಉಪಯೋಗವಾಗುವ ಬಾಟ್ ಒಂದನ್ನು ಯಾರು ಬೇಕಾದರೂ ಮಾಡಬಹುದು. ಹಾಗೆ ಮಾಡಹೊರಟವರು ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಉದ್ದಕ್ಕೂ ಒಂದೇ ಬಾಟ್ ಇಟ್ಟುಕೊಂಡಿದ್ದೇನೆ. ಅದು ಅಡಿಕೆ ಧಾರಣೆ ಹೇಳುವ ಬಾಟ್: ಮಾರುಕಟ್ಟೆಯ ಹೆಸರು, ಬೇಕಿದ್ದರೆ ಅಡಿಕೆಯ ಬಗೆ ಬರೆದು ಕಳಿಸಿದರೆ ದರ ಹೇಳಬೇಕು. ಪಿಎಚ್‌ಪಿಯಲ್ಲೇ ಇರುವ ಫಂಕ್ಷನ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೋಡಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

## ಶುರು ಮಾಡುವವರಿಗೆ

ಕಮಾಂಡ್ ಅಂದ್ರೆ ಏನು? ಮಾಮೂಲಿ ಮೆಸೇಜಿಗೂ ಅದಕ್ಕೂ ಏನು ವ್ಯತ್ಯಾಸ?

ನಿಮ್ಮ ಪಿಎಚ್‌ಪಿಯ ಮಟ್ಟಿಗೆ ದೊಡ್ಡ ವ್ಯತ್ಯಾಸವೇನಿಲ್ಲ. ಕಮಾಂಡ್ ಕೂಡ ಒಂದು ಮೆಸೇಜೇ. ಸ್ಲ್ಯಾಶ್‌ನಿಂದ ಶುರುವಾಗಿ, ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಇರುವ ಪದವನ್ನು ಟೆಲಿಗ್ರಾಂ ಗುರುತಿಸಿ ನೀಲಿ ಮಾಡುತ್ತದೆ. ಜೊತೆಗೆ ಎಂಟಿಟೀಸ್ ಎಂಬ ಪಟ್ಟಿಯಲ್ಲಿ "ಇದು ಬಾಟ್ ಕಮಾಂಡ್, ಇಲ್ಲಿಂದ ಶುರು, ಇಷ್ಟು ಉದ್ದ" ಎಂದು ಬರೆದು ಕಳಿಸುತ್ತದೆ. ಅಷ್ಟೇ ಅದರ ಸಹಾಯ. ಅದಕ್ಕೆ ಏನು ಅರ್ಥ, ಏನು ಉತ್ತರ ಎನ್ನುವುದೆಲ್ಲ ನಿಮ್ಮ ಕೋಡಿನ ಕೆಲಸ.

ಆ ಪಟ್ಟಿಯಲ್ಲಿರುವ ಸ್ಥಾನ ಮತ್ತು ಉದ್ದವನ್ನು ಯುಟಿಎಫ್-16 ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಕಮಾಂಡ್ ಮೆಸೇಜಿನ ಮೊದಲಲ್ಲೇ ಇದ್ದರೆ ತೊಂದರೆಯಿಲ್ಲ. ಅದಕ್ಕಿಂತ ಮೊದಲು ಎಮೋಜಿ ಇದ್ದರೆ ಮಾತ್ರ ಪಠ್ಯದ ತುಂಡು ತೆಗೆಯುವ ಎಂಬಿ_ಸಬ್‌ಸ್ಟ್ರ್ ಕೊಡುವ ಲೆಕ್ಕ ತಪ್ಪುತ್ತದೆ. ಎಮೋಜಿ ಅಲ್ಲಿ ಎರಡಾಗಿ ಎಣಿಕೆಯಾಗಿದ್ದರೆ ಇಲ್ಲಿ ಒಂದಾಗಿರುತ್ತದೆ.

ಡಾಲರ್ ಅಂಡರ್‌ಸ್ಕೋರ್ ಪೋಸ್ಟ್ ಪ್ರಿಂಟ್ ಮಾಡಿದ್ರೆ ಖಾಲಿ ಬರ್ತಿದೆ. ಮೆಸೇಜ್ ಎಲ್ಲಿ ಹೋಯ್ತು?

ಟೆಲಿಗ್ರಾಂ ಫಾರ್ಮ್ ತುಂಬಿ ಕಳಿಸುವುದಿಲ್ಲ, ಜೇಸನ್ ಕಳಿಸುತ್ತದೆ. ಪಿಎಚ್‌ಪಿ ಆ ಅರೇಯನ್ನು ತುಂಬುವುದು ಫಾರ್ಮ್ ಬಂದಾಗ ಮಾತ್ರ. ಫೈಲ್_ಗೆಟ್_ಕಂಟೆಂಟ್ಸ್‌ಗೆ "ಪಿಎಚ್‌ಪಿ://ಇನ್‌ಪುಟ್" ಎಂಬ ವಿಳಾಸ ಕೊಟ್ಟು ಓದಿ, ಬಂದದ್ದನ್ನು ಜೇಸನ್_ಡಿಕೋಡ್‌ಗೆ ಹಾಕಿ. ಎರಡನೆಯ ಆರ್ಗ್ಯುಮೆಂಟ್ ಟ್ರೂ ಇದ್ದರೆ ಅರೇ ಸಿಗುತ್ತದೆ.

ವೆಬ್‌ಹುಕ್ ಹಾಕಬೇಕಾ, ಗೆಟ್‌ಅಪ್‌ಡೇಟ್ಸ್ ಸಾಕಾ? ನನ್ನ ಹತ್ರ ಇರೋದು ಶೇರ್ಡ್ ಹೋಸ್ಟಿಂಗ್.

ಶೇರ್ಡ್ ಹೋಸ್ಟಿಂಗ್ ಆದರೆ ವೆಬ್‌ಹುಕ್. ಮೆಸೇಜ್ ಬಂದಾಗ ಟೆಲಿಗ್ರಾಂ ನಿಮ್ಮ ಫೈಲಿನ ವಿಳಾಸವನ್ನು ಕರೆಯುತ್ತದೆ, ಪಿಎಚ್‌ಪಿ ಓಡಿ ಮುಗಿಯುತ್ತದೆ. ವೆಬ್ ಪುಟಕ್ಕೆ ಪಿಎಚ್‌ಪಿ ಹೇಗೆ ಕೆಲಸ ಮಾಡುತ್ತದೋ ಹಾಗೆಯೇ. ವಿಳಾಸಕ್ಕೆ ಎಚ್‌ಟಿಟಿಪಿಎಸ್ ಇರಲೇಬೇಕು. ಪೋರ್ಟ್ 443, 80, 88, 8443 ಈ ನಾಲ್ಕರಲ್ಲಿ ಒಂದಾಗಿರಬೇಕು.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಲಿಯುವಾಗ ಗೆಟ್‌ಅಪ್‌ಡೇಟ್ಸ್, ಅಂದರೆ ಹೊಸ ಮೆಸೇಜ್ ಇದೆಯೇ ಎಂದು ನೀವೇ ಟೆಲಿಗ್ರಾಂ ಅನ್ನು ಕೇಳುವ ಮೆಥಡ್, ಹಿತ. ಟರ್ಮಿನಲ್‌ನಲ್ಲಿ ಒಂದು ಲೂಪ್ ಓಡಿಸಿ, ಪ್ರತಿ ಸಲ ಕೊನೆಯ ಅಪ್‌ಡೇಟ್ ಐಡಿಗೆ ಒಂದು ಕೂಡಿಸಿ ಆಫ್‌ಸೆಟ್ ಆಗಿ ಕೊಡಿ. ಕೊಡದಿದ್ದರೆ ಅದೇ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಎರಡನ್ನೂ ಒಟ್ಟಿಗೆ ಬಳಸಲಾಗದು. ವೆಬ್‌ಹುಕ್ ಇರುವಾಗ ಗೆಟ್‌ಅಪ್‌ಡೇಟ್ಸ್ ಕೇಳಿದರೆ 409 ದೋಷ ಬರುತ್ತದೆ. ನೀವು ತೆಗೆದುಕೊಳ್ಳದ ಮೆಸೇಜುಗಳನ್ನು ಟೆಲಿಗ್ರಾಂ 24 ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ.

ಒಮ್ಮೊಮ್ಮೆ "ಟೆಕ್ಸ್ಟ್" ಕೀ ಇಲ್ಲ ಅಂತ ಎರರ್ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತೆ. ಯಾಕೆ?

ಯಾರೋ ಫೋಟೊ ಕಳಿಸಿದ್ದಾರೆ, ಅಥವಾ ಸ್ಟಿಕರ್. ಎಲ್ಲ ಅಪ್‌ಡೇಟಿನಲ್ಲೂ ಪಠ್ಯ ಇರುವುದಿಲ್ಲ. ಫೋಟೊ ಕೆಳಗೆ ಬರೆದದ್ದು ಕ್ಯಾಪ್ಶನ್ ಎಂಬ ಬೇರೆ ಕೀಯಲ್ಲಿರುತ್ತದೆ. ಕಳಿಸಿದ ಮೇಲೆ ತಿದ್ದಿದ ಮೆಸೇಜು ಎಡಿಟೆಡ್_ಮೆಸೇಜ್ ಎಂಬ ಹೆಸರಲ್ಲಿ ಬರುತ್ತದೆ. ಎರಡು ಪ್ರಶ್ನಾರ್ಥಕ ಚಿಹ್ನೆಯ ಆಪರೇಟರ್ ಬಳಸಿ, ಪಠ್ಯ ಇಲ್ಲದಿದ್ದರೆ ಖಾಲಿ ಸ್ಟ್ರಿಂಗ್ ತೆಗೆದುಕೊಳ್ಳಿ, ಖಾಲಿ ಇದ್ದರೆ ಅಲ್ಲೇ ಮುಗಿಸಿ. ತಿದ್ದಿದ ಕಮಾಂಡಿಗೆ ಉತ್ತರ ಕೊಡಬೇಕೇ ಬೇಡವೇ ಎನ್ನುವುದು ನಿಮಗೆ ಬಿಟ್ಟದ್ದು. ಧಾರಣೆ ಬಾಟ್‌ಗೆ ಕೊಡುವುದೇ ಒಳ್ಳೆಯದು, ಊರಿನ ಹೆಸರು ತಪ್ಪಿದವರು ಅದೇ ಮೆಸೇಜನ್ನು ತಿದ್ದುತ್ತಾರೆ.

## ಕಮಾಂಡನ್ನು ಬಿಡಿಸಿ ಓದುವುದು

"/ದರ ಶಿರಸಿ ಚಾಲಿ" ಅಂತ ಬಂದ್ರೆ ಕಮಾಂಡ್ ಬೇರೆ, ಉಳಿದಿದ್ದು ಬೇರೆ ಮಾಡೋದು ಹೇಗೆ?

ಎಕ್ಸ್‌ಪ್ಲೋಡ್ ಬಳಸಬೇಡಿ. ಎರಡು ಸ್ಪೇಸ್ ಬಿದ್ದರೆ ನಡುವೆ ಖಾಲಿ ತುಂಡು ಬರುತ್ತದೆ, ಕಮಾಂಡ್ ಆದ ಮೇಲೆ ಎಂಟರ್ ಒತ್ತಿದ್ದರೆ ತುಂಡೇ ಆಗುವುದಿಲ್ಲ. ಪ್ರೆಗ್_ಸ್ಪ್ಲಿಟ್‌ಗೆ "ಒಂದು ಅಥವಾ ಹೆಚ್ಚು ಖಾಲಿ ಜಾಗ" ಎಂಬ ಪ್ಯಾಟರ್ನ್ ಕೊಡಿ, ಪಠ್ಯವನ್ನು ಯೂನಿಕೋಡ್ ಆಗಿ ಓದಿಸುವ ಯು ಮಾರ್ಪಾಟು ಹಾಕಿ, ಮಿತಿ 2 ಎಂದು ಹೇಳಿ. ಆಗ ಮೊದಲ ತುಂಡು ಕಮಾಂಡ್, ಎರಡನೆಯದು ಇಡೀ ಉಳಿಕೆ.

ಮೊದಲ ತುಂಡಿನ ಮೇಲೆ ಮೂರು ಕೆಲಸ ಇದೆ. ಸ್ಲ್ಯಾಶ್ ತೆಗೆಯಿರಿ. ಆ್ಯಟ್ ಚಿಹ್ನೆ ಇದ್ದರೆ ಅದರ ನಂತರದ್ದು ಬಾಟ್‌ನ ಹೆಸರು, ಅದನ್ನು ಬೇರೆ ಇಡಿ. ಉಳಿದದ್ದನ್ನು ಸಣ್ಣಕ್ಷರಕ್ಕೆ ತನ್ನಿ, ಏಕೆಂದರೆ ಫೋನಿನ ಕೀಬೋರ್ಡು ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿಬಿಡುತ್ತದೆ.

ಎರಡನೆಯ ತುಂಡನ್ನು ಇಲ್ಲೇ ಇನ್ನಷ್ಟು ಒಡೆಯಲು ಹೋಗಬೇಡಿ. ಆರ್ಗ್ಯುಮೆಂಟ್ ಹೇಗೆ ಓದಬೇಕು ಎನ್ನುವುದು ಆಯಾ ಕಮಾಂಡಿಗೆ ಗೊತ್ತಿರಬೇಕು. ದರದ ಕಮಾಂಡಿಗೆ ಊರು, ಬಗೆ ಎಂಬ ಎರಡು ಪದ ಬೇಕು. ಅಭಿಪ್ರಾಯ ಕಳಿಸುವ ಕಮಾಂಡಿಗೆ ಇಡೀ ವಾಕ್ಯ ಇದ್ದಹಾಗೇ ಬೇಕು. ಸಾಮಾನ್ಯ ಭಾಗದಲ್ಲೇ ಎಲ್ಲ ಒಡೆದಿಟ್ಟರೆ ಆ ವಾಕ್ಯವನ್ನು ಮತ್ತೆ ಹೊಲಿಯುತ್ತ ಕೂರಬೇಕಾಗುತ್ತದೆ.

ಇಫ್, ಎಲ್ಸ್‌ಇಫ್ ಸಾಲು ಉದ್ದ ಆಗ್ತಾನೇ ಇದೆ. ಸ್ವಿಚ್ ಹಾಕ್ಲಾ ಮ್ಯಾಚ್ ಹಾಕ್ಲಾ?

ಎರಡರಲ್ಲಿ ಒಂದಾದರೆ ಮ್ಯಾಚ್. ಅದು ಪಿಎಚ್‌ಪಿ 8.0ರಲ್ಲಿ ಬಂತು, ಮೂರು ಸಮಚಿಹ್ನೆಯ ಕಟ್ಟುನಿಟ್ಟಿನ ಹೋಲಿಕೆ ಮಾಡುತ್ತದೆ, ಬ್ರೇಕ್ ಮರೆತು ಕೆಳಗಿನ ಕೇಸಿಗೆ ಜಾರುವ ಭಯವಿಲ್ಲ. ಡಿಫಾಲ್ಟ್ ಮಾತ್ರ ಬರೆಯಲೇಬೇಕು. ಇಲ್ಲದಿದ್ದರೆ ಗೊತ್ತಿಲ್ಲದ ಕಮಾಂಡ್ ಬಂದಾಗ ಎರರ್ ಎದ್ದು ಸ್ಕ್ರಿಪ್ಟ್ ನಿಲ್ಲುತ್ತದೆ.

ನನ್ನ ಒಲವು ಇವೆರಡಕ್ಕಿಂತ ಅರೇ ಕಡೆಗೆ. ಎಡಗಡೆ ಕಮಾಂಡಿನ ಹೆಸರು, ಬಲಗಡೆ ಅದನ್ನು ನಿಭಾಯಿಸುವ ಕ್ಲಾಸಿನ ಹೆಸರು. ಬಂದ ಹೆಸರು ಅರೇಯಲ್ಲಿದ್ದರೆ ಆ ಕ್ಲಾಸಿನ ಒಂದೇ ಮೆಥಡ್ ಕರೆಯಿರಿ, ಇಲ್ಲದಿದ್ದರೆ ಸಹಾಯದ ಉತ್ತರ ಕೊಡಿ. ಇದರ ನಿಜವಾದ ಲಾಭ ತಿಳಿಯುವುದು ಒಂದೇ ಕೆಲಸಕ್ಕೆ ಮೂರು ಹೆಸರು ಬೇಕಾದಾಗ. "ದರ", "ಧಾರಣೆ", "ರೇಟ್" ಮೂರನ್ನೂ ಒಂದೇ ಕ್ಲಾಸಿಗೆ ತೋರಿಸಿದರೆ ಮುಗಿಯಿತು. ಸಹಾಯದ ಪಟ್ಟಿಯನ್ನೂ ಅದೇ ಅರೇಯಿಂದ ತೆಗೆಯಬಹುದು, ಹೊಸ ಕಮಾಂಡ್ ಸೇರಿಸಿದಾಗ ಎರಡು ಕಡೆ ಬರೆಯುವ ಗೋಜಿಲ್ಲ.

ಗ್ರೂಪಿಗೆ ಸೇರಿಸಿದ ಮೇಲೆ ಬಾಟ್ ಮಾತೇ ಆಡ್ತಿಲ್ಲ. ನನ್ನ ಜೊತೆ ಒಬ್ಬನೇ ಇದ್ದಾಗ ಸರಿಯಾಗೇ ಇರುತ್ತೆ.

ಕಾರಣ ಬಹುತೇಕ ಪ್ರೈವಸಿ ಮೋಡ್. ಗ್ರೂಪಿನಲ್ಲಿ ಬಾಟ್‌ಗೆ ಎಲ್ಲ ಮಾತೂ ಕೇಳಿಸುವುದಿಲ್ಲ. ತನಗೆ ಬಂದ ಕಮಾಂಡ್, ತನ್ನ ಮೆಸೇಜಿಗೆ ಕೊಟ್ಟ ರಿಪ್ಲೈ ಮುಂತಾದವು ಮಾತ್ರ ಕೇಳಿಸುತ್ತವೆ. ಜನರ ಖಾಸಗಿತನದ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು, ಅಗತ್ಯವಿಲ್ಲದೆ ತೆಗೆಸಬೇಡಿ. ತೆಗೆಯಲೇಬೇಕಾದರೆ ಬಾಟ್‌ಗಳನ್ನು ನೋಂದಾಯಿಸುವ ಟೆಲಿಗ್ರಾಂನದೇ ಬಾಟ್ ಆದ ಬಾಟ್‌ಫಾದರ್‌ನಲ್ಲಿ ಬದಲಿಸಿ, ಆಮೇಲೆ ಬಾಟನ್ನು ಗ್ರೂಪಿನಿಂದ ತೆಗೆದು ಮತ್ತೆ ಸೇರಿಸಿ.

ಇನ್ನೊಂದು ಕಾರಣವೂ ಇರಬಹುದು. ಗ್ರೂಪಿನಲ್ಲಿ ಪಟ್ಟಿಯಿಂದ ಕಮಾಂಡ್ ಆರಿಸಿದರೆ ಅದರ ಬೆನ್ನಿಗೆ ಆ್ಯಟ್ ಚಿಹ್ನೆ ಮತ್ತು ಬಾಟ್‌ನ ಹೆಸರು ಅಂಟಿಕೊಂಡು ಬರುತ್ತದೆ. ಅದನ್ನು ಕತ್ತರಿಸದೆ ಹೋಲಿಸಿದರೆ ಯಾವುದಕ್ಕೂ ತಾಳೆಯಾಗುವುದಿಲ್ಲ. ಕತ್ತರಿಸಿದ ಹೆಸರು ನಿಮ್ಮ ಬಾಟ್‌ನದೇ ಎಂದು ನೋಡುವುದನ್ನೂ ಮರೆಯಬೇಡಿ. ಬೇರೆ ಬಾಟ್‌ಗೆ ಹೇಳಿದ ಕಮಾಂಡಿಗೆ ನೀವು ಉತ್ತರಿಸಿದರೆ ಗ್ರೂಪಿನವರಿಗೆ ಕಿರಿಕಿರಿ.

ಸ್ಲ್ಯಾಶ್ ಒತ್ತಿದ ತಕ್ಷಣ ಕಮಾಂಡ್‌ಗಳ ಪಟ್ಟಿ ಕಾಣೋ ಹಾಗೆ ಮಾಡೋದು ಹೇಗೆ?

ಸೆಟ್‌ಮೈಕಮಾಂಡ್ಸ್ ಎಂಬ ಮೆಥಡ್ ಇದೆ. ಗರಿಷ್ಠ 100 ಕಮಾಂಡ್, ಹೆಸರು 32 ಅಕ್ಷರದೊಳಗೆ, ವಿವರಣೆ 256ರೊಳಗೆ. ಭಾಷೆಗೊಂದು ಪಟ್ಟಿ ಕೊಡಬಹುದು, ಕನ್ನಡದ ಸಂಕೇತ "ಕೆಎನ್". ಆದರೆ ನಮ್ಮಲ್ಲಿ ಬಹಳ ಜನ ಆ್ಯಪನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುತ್ತಾರೆ, ಆ ಪಟ್ಟಿ ಅವರಿಗೆ ಕಾಣಿಸುವುದಿಲ್ಲ. ಹಾಗಾಗಿ ಭಾಷೆ ಹೇಳದ ಮೂಲ ಪಟ್ಟಿಯಲ್ಲೇ ವಿವರಣೆಗಳನ್ನು ಕನ್ನಡದಲ್ಲಿ ಬರೆದುಬಿಡಿ.

/ಸ್ಟಾರ್ಟ್ ಆದ ಮೇಲೆ ಏನೋ ಅಂಟಿಸಿ ಲಿಂಕ್ ಕೊಡ್ತಾರಲ್ಲ, ಅದರಲ್ಲಿ ಊರಿನ ಹೆಸರು ಕಳಿಸಬಹುದಾ?

ನೇರವಾಗಿ ಆಗದು. ಆ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಅಡ್ಡಗೆರೆ ಮಾತ್ರ, ಅದೂ 64ರೊಳಗೆ. ಬೇಸ್64 ಮಾಡಿ ಕಳಿಸಿದರೆ 16 ಕನ್ನಡ ಯೂನಿಕೋಡ್ ಸಂಕೇತಗಳಿಗೇ (ಅಕ್ಷರ, ಕಾಗುಣಿತದ ಚಿಹ್ನೆ ಒಂದೊಂದೂ ಒಂದು ಸಂಕೇತ) 64 ತುಂಬಿಹೋಗುತ್ತದೆ. ಊರಿಗೊಂದು ಸಂಖ್ಯೆ ಕೊಟ್ಟು ಆ ಸಂಖ್ಯೆಯನ್ನು ಕಳಿಸಿ.

## ಕನ್ನಡದಲ್ಲಿ ಬರೆಯುವವರಿಗಾಗಿ

ಸ್ಲ್ಯಾಶ್ ಹಾಕಿ ಕನ್ನಡ ಅಕ್ಷರದಲ್ಲೇ ಕಮಾಂಡ್ ಕೊಡೋಕೆ ಆಗುತ್ತಾ?

ಟೆಲಿಗ್ರಾಂ ಅದನ್ನು ಕಮಾಂಡ್ ಎಂದು ಒಪ್ಪುವುದಿಲ್ಲ. ನೀಲಿ ಆಗುವುದಿಲ್ಲ, ಪಟ್ಟಿಗೆ ಸೇರುವುದಿಲ್ಲ. ಆದರೆ ಖಾಸಗಿ ಚಾಟ್‌ನಲ್ಲಿ ಆ ಪಠ್ಯ ನಿಮ್ಮ ಪಿಎಚ್‌ಪಿಗಂತೂ ಬಂದೇ ಬರುತ್ತದೆ. ಎಂಟಿಟೀಸ್ ನಂಬಿಕೊಳ್ಳದೆ ಪಠ್ಯವನ್ನು ನೀವೇ ಬಿಡಿಸಿ ಓದುತ್ತಿದ್ದರೆ ಕನ್ನಡ ಕಮಾಂಡಿಗೂ ಇಂಗ್ಲಿಷ್ ಕಮಾಂಡಿಗೂ ಭೇದವೇ ಇಲ್ಲ. ಅರೇಯಲ್ಲಿ ಎರಡೂ ಹೆಸರು ಇಡಿ.

ಇನ್ನೂ ಮುಂದೆ ಹೋಗಿ, ಸ್ಲ್ಯಾಶನ್ನೇ ಬಿಟ್ಟುಬಿಡಿ ಎನ್ನುತ್ತೇನೆ. ಹೊಲದಿಂದ ಬಂದು ಫೋನ್ ಹಿಡಿದ ರೈತರು "ದರ ಸಾಗರ ರಾಶಿ" ಎಂದು ಬರೆಯುತ್ತಾರೆ. ಆ ಸ್ಲ್ಯಾಶ್ ಕೀಬೋರ್ಡಿನ ಎರಡನೆಯ ಪುಟದಲ್ಲಿರುತ್ತದೆ, ಅದನ್ನು ಹುಡುಕಿಸುವುದು ಅನ್ಯಾಯ. ಖಾಸಗಿ ಚಾಟ್‌ನಲ್ಲಿ ಮೊದಲ ಪದ ಅರೇಯಲ್ಲಿದ್ದರೆ ಸ್ಲ್ಯಾಶ್ ಇರಲಿ ಬಿಡಲಿ, ಕಮಾಂಡ್ ಎಂದೇ ತೆಗೆದುಕೊಳ್ಳಿ. ಇದಕ್ಕೆ ಜೊತೆಯಾಗಿ ರಿಪ್ಲೈ ಕೀಬೋರ್ಡಿನಲ್ಲಿ ಕನ್ನಡ ಬಟನ್‌ಗಳನ್ನು ಕೊಡಿ. ಬಟನ್ ಒತ್ತಿದರೆ ಅದರ ಮೇಲಿನ ಬರಹವೇ ಮೆಸೇಜಾಗಿ ಬರುತ್ತದೆ, ಬೇರೆ ಕೋಡ್ ಬೇಕಿಲ್ಲ. ಮೆಸೇಜಿನ ಕೆಳಗೆ ಬರುವ ಇನ್‌ಲೈನ್ ಬಟನ್ ಬೇರೆ ಬಗೆಯದು. ಅದರ ಗುಪ್ತ ಡೇಟಾಗೆ 64 ಬೈಟ್ ಮಿತಿ ಇದೆ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ 3 ಬೈಟ್, ಹಾಗಾಗಿ 21ಕ್ಕೆ ಮುಗಿಯುತ್ತದೆ.

ಎರಡು ಪದ ನೋಡೋಕೆ ಒಂದೇ ಥರ ಇದೆ. ಪಿಎಚ್‌ಪಿ ಮಾತ್ರ ಸಮ ಅಲ್ಲ ಅಂತಿದೆ. ತಲೆ ಕೆಟ್ಟಿದೆ.

ಕನ್ನಡ ಬಾಟ್ ಬರೆಯುವವರ ಸಮಯವನ್ನು ಅತಿ ಹೆಚ್ಚು ತಿನ್ನುವುದು ಇದೇ. ಕಾರಣ ಎರಡು.

ಮೊದಲನೆಯದು, ಒಂದೇ ಸ್ವರಚಿಹ್ನೆಯನ್ನು ಎರಡು ರೀತಿ ಬರೆಯಬಹುದು. "ಶಿವಮೊಗ್ಗ" ತೆಗೆದುಕೊಳ್ಳಿ. ಮಕಾರಕ್ಕೆ ಹತ್ತಿದ ಒತ್ವ ಒಂದೇ ಸಂಕೇತವಾಗಿದ್ದರೆ ಪದದಲ್ಲಿ 8 ಸಂಕೇತ, 24 ಬೈಟ್. ಅದೇ ಒತ್ವ ಎತ್ವ ಮತ್ತು ಊತ್ವದ ಚಿಹ್ನೆಗಳ ಜೋಡಿಯಾಗಿ ಬಂದಿದ್ದರೆ 9 ಸಂಕೇತ, 27 ಬೈಟ್. ತೆರೆಯ ಮೇಲೆ ಎರಡೂ ಒಂದೇ. ಹೋಲಿಸುವ ಮೊದಲು ಇಂಟ್ಲ್ ಎಕ್ಸ್‌ಟೆನ್ಶನ್ನಿನ ನಾರ್ಮಲೈಸರ್ ಕ್ಲಾಸಿನಿಂದ ಫಾರ್ಮ್ ಸಿ ಎಂಬ ಜೋಡಿಸಿದ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ದೀರ್ಘ ಈ, ಏ, ಓ ಮತ್ತು ಐ ಚಿಹ್ನೆಗಳಿಗೂ ಇದೇ ಮಾತು.

ಎರಡನೆಯದು, ಕಣ್ಣಿಗೆ ಕಾಣದ ಸಂಕೇತಗಳು. "ಮಾರ್ಕೆಟ್" ಎಂಬ ಪದದ ಕೊನೆಯ ಅರ್ಧಾಕ್ಷರದ ನಂತರ ಹಲವು ಕೀಬೋರ್ಡುಗಳು ಜೀರೊ ವಿಡ್ತ್ ನಾನ್ ಜಾಯಿನರ್ ಸೇರಿಸುತ್ತವೆ, ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯದಿರಲಿ ಎಂದು. ಅದಕ್ಕೆ ಅಗಲವಿಲ್ಲ, ಆದರೆ 3 ಬೈಟ್ ಇದೆ. ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಪಿಎಚ್‌ಪಿ 8.4ರಲ್ಲಿ ಬಂದ ಎಂಬಿ_ಟ್ರಿಮ್ ಕೂಡ ಮುಟ್ಟುವುದಿಲ್ಲ. ಪ್ರೆಗ್_ರಿಪ್ಲೇಸ್‌ನಿಂದ ಈ ನಾನ್ ಜಾಯಿನರ್ ಮತ್ತು ಅದರ ಜೊತೆಗಾರ ಜಾಯಿನರ್ ಎರಡನ್ನೂ ತೆಗೆದುಹಾಕಿ.

ಒಂದು ಎಚ್ಚರ: ಹೀಗೆ ತೊಳೆದ ಪಠ್ಯ ಹೋಲಿಕೆಗೆ ಮಾತ್ರ. ಜನರಿಗೆ ತೋರಿಸುವುದಕ್ಕೆ, ಡೇಟಾಬೇಸಿಗೆ ಹಾಕುವುದಕ್ಕೆ ಮೂಲ ಪಠ್ಯವನ್ನೇ ಬಳಸಿ. ಆ ಸಂಕೇತ ತೆಗೆದರೆ "ಸಾಫ್ಟ್‌ವೇರ್" ಎಂಬ ಪದದ ವಕಾರ ಒತ್ತಾಗಿ ಕೆಳಗೆ ಹೋಗುತ್ತದೆ, ಓದುವುದು ಕಷ್ಟ. ಮತ್ತು ಅರೇಯಲ್ಲಿ ನೀವೇ ಬರೆದಿಟ್ಟ ಕಮಾಂಡ್ ಹೆಸರುಗಳನ್ನೂ ಇದೇ ಫಂಕ್ಷನ್ನಿನಲ್ಲಿ ತೊಳೆಯಿರಿ. ನಿಮ್ಮ ಎಡಿಟರಿನಲ್ಲಿ ಟೈಪ್ ಮಾಡುವಾಗಲೂ ಆ ಕಾಣದ ಸಂಕೇತ ಸೇರಿರಬಹುದು. ಪಿಎಚ್‌ಪಿಯಲ್ಲಿ ವೇರಿಯಬಲ್, ಫಂಕ್ಷನ್ ಹೆಸರುಗಳನ್ನೂ ಕನ್ನಡದಲ್ಲಿಡಲು ಬರುತ್ತದೆ, ಆದರೆ ಇದೇ ಕಾರಣಕ್ಕೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ರೆಗ್ಯುಲರ್ ಎಕ್ಸ್‌ಪ್ರೆಶನ್ ನನ್ನ ಕನ್ನಡ ಪದವನ್ನ ಅರ್ಧಕ್ಕೇ ಕತ್ತರಿಸ್ತಿದೆ. ಯು ಹಾಕಿದ್ರೂ ಅಷ್ಟೇ.

ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಬಳಸಿರುತ್ತೀರಿ. ಅದಕ್ಕೆ ಅಕ್ಷರ ಗೊತ್ತು, ಕಾಗುಣಿತ ಪೂರ್ತಿ ಗೊತ್ತಿಲ್ಲ. "ಸಹಾಯ" ಎಂದು ಕೊಟ್ಟರೆ "ಸಹ" ಎಂದು ಹಿಡಿದು ನಿಲ್ಲುತ್ತದೆ, ಏಕೆಂದರೆ ಆತ್ವದ ಚಿಹ್ನೆ ಯೂನಿಕೋಡ್ ಲೆಕ್ಕದಲ್ಲಿ ಅಕ್ಷರ ಅಲ್ಲ, ಗುರುತು. ಚೌಕ ಆವರಣದೊಳಗೆ ಬ್ಯಾಕ್‌ಸ್ಲ್ಯಾಶ್ ಪಿ ಬರೆದು ಎಲ್ ಮತ್ತು ಎಂ ಎರಡೂ ವರ್ಗಗಳನ್ನು ಸೇರಿಸಿ: ಅಕ್ಷರಗಳು, ಗುರುತುಗಳು. ಪದದ ಗಡಿ ಹುಡುಕುವ ಬ್ಯಾಕ್‌ಸ್ಲ್ಯಾಶ್ ಬಿ ಕೂಡ ಇದೇ ಕಾರಣಕ್ಕೆ ಕನ್ನಡ ಪದದ ನಡುವೆ ಗಡಿ ಕಾಣುತ್ತದೆ, ಅದನ್ನೂ ನಂಬಬೇಡಿ. ಕಮಾಂಡ್ ಬಿಡಿಸಲು ಖಾಲಿ ಜಾಗದಲ್ಲಿ ಒಡೆಯುವುದೇ ಸಾಕು ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

"೧೦ ಕ್ವಿಂಟಲ್" ಅಂತ ಕನ್ನಡ ಅಂಕಿ ಹಾಕಿದ್ರೆ ಬಾಟ್ ಸೊನ್ನೆ ಅಂತ ಲೆಕ್ಕ ಹಾಕ್ತಿದೆ.

ಇಲ್ಲಿ ಪಿಎಚ್‌ಪಿಯ ಎರಡು ಭಾಗಗಳು ಒಂದಕ್ಕೊಂದು ಒಪ್ಪುವುದಿಲ್ಲ. ಯು ಮಾರ್ಪಾಟು ಇದ್ದಾಗ ಬ್ಯಾಕ್‌ಸ್ಲ್ಯಾಶ್ ಡಿ ಕನ್ನಡ ಅಂಕಿಯನ್ನು ಅಂಕಿ ಎಂದೇ ಒಪ್ಪುತ್ತದೆ, ಪರಿಶೀಲನೆ ಪಾಸಾಗುತ್ತದೆ. ಆಮೇಲೆ ಇಂಟ್ ಎಂದು ಕಾಸ್ಟ್ ಮಾಡಿದರೆ ೧೦ ಸದ್ದಿಲ್ಲದೆ 0 ಆಗುತ್ತದೆ. ಈಸ್_ನ್ಯೂಮೆರಿಕ್ ಕೂಡ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ.

ತೊಳೆಯುವ ಫಂಕ್ಷನ್ನಿನಲ್ಲೇ ಕನ್ನಡ ಅಂಕಿಗಳನ್ನು ಬದಲಿಸಿಬಿಡಿ. ಎಸ್‌ಟಿಆರ್‌ಟಿಆರ್ ಒಳ್ಳೆಯದು, ಆದರೆ ಎರಡು ಸ್ಟ್ರಿಂಗ್ ಕೊಡುವ ರೂಪ ಬೇಡ, ಅದು ಬೈಟ್‌ಗಳನ್ನು ಬದಲಿಸಿ ಪಠ್ಯವನ್ನು ಕೆಡಿಸುತ್ತದೆ. ೦ಯಿಂದ ೯ರವರೆಗೆ ಹತ್ತು ಜೋಡಿಗಳ ಅರೇ ಕೊಡುವ ರೂಪ ಬಳಸಿ.

ಶಿರಸಿ, ಶಿರ್ಸಿ, ಸಿರ್ಸಿ ಅಂತ ಒಬ್ಬೊಬ್ರು ಒಂದೊಂದು ಥರ ಬರೀತಾರೆ. ಲೆವೆನ್‌ಸ್ಟೈನ್ ಹಾಕಿದೆ, ಏನೇನೋ ಉತ್ತರ ಬರ್ತಿದೆ.

ಎರಡು ಪದಗಳ ನಡುವೆ ಎಷ್ಟು ಬದಲಾವಣೆ ಇದೆ ಎಂದು ಹೇಳುವ ಪಿಎಚ್‌ಪಿಯ ಲೆವೆನ್‌ಸ್ಟೈನ್ ಫಂಕ್ಷನ್ ಬೈಟ್ ಎಣಿಸುತ್ತದೆ, ಅಕ್ಷರ ಎಣಿಸುವುದಿಲ್ಲ. "ಶಿರ್ಸಿ", "ಸಿರ್ಸಿ" ನಡುವೆ ಅಂತರ 1 ಎನ್ನುತ್ತದೆ, "ಶಿರಸಿ", "ಶಿರ್ಸಿ" ನಡುವೆ 3 ಎನ್ನುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೊಂದೇ ವ್ಯತ್ಯಾಸ.

ಇದಕ್ಕೆ ಸೊಗಸಾದ ದಾರಿ ಇದೆ. ಕನ್ನಡದ ಯೂನಿಕೋಡ್ ವಿಭಾಗದಲ್ಲಿ ಇರುವುದೇ 128 ಸ್ಥಾನಗಳು, 3200ರಿಂದ 3327ರವರೆಗೆ. ಎಂಬಿ_ಎಸ್‌ಟಿಆರ್_ಸ್ಪ್ಲಿಟ್‌ನಿಂದ ಪದವನ್ನು ಬಿಡಿಸಿ, ಪ್ರತಿ ಸಂಕೇತದ ಸಂಖ್ಯೆಯನ್ನು ಎಂಬಿ_ಆರ್ಡ್‌ನಿಂದ ತೆಗೆದು, 3200 ಕಳೆದು 128 ಕೂಡಿಸಿ. 128ರಿಂದ 255ರೊಳಗಿನ ಸಂಖ್ಯೆ ಸಿಗುತ್ತದೆ, ಅಂದರೆ ಒಂದು ಬೈಟ್. ಸಿಎಚ್‌ಆರ್ ಫಂಕ್ಷನ್ನಿನಿಂದ ಮತ್ತೆ ಸ್ಟ್ರಿಂಗ್ ಕಟ್ಟಿ ಲೆವೆನ್‌ಸ್ಟೈನ್‌ಗೆ ಕೊಟ್ಟರೆ ಮೇಲಿನ ಎರಡೂ ಜೋಡಿಗೆ 1 ಬರುತ್ತದೆ. ಇಂಗ್ಲಿಷ್ ಅಕ್ಷರಗಳು 128ರ ಕೆಳಗೇ ಇರುವುದರಿಂದ ಡಿಕ್ಕಿ ಹೊಡೆಯುವುದಿಲ್ಲ.

ಹಾಗೆಂದು ಹತ್ತಿರದ ಪದವೇ ಸರಿ ಎಂದು ಬಾಟ್ ತಾನೇ ತೀರ್ಮಾನಿಸಬಾರದು. "ಶಿರಸಿ"ಗೂ "ಶಿರಾ"ಗೂ ಅಂತರ 2 ಮಾತ್ರ. ಒಂದು ಉತ್ತರ ಕನ್ನಡದಲ್ಲಿ, ಇನ್ನೊಂದು ತುಮಕೂರು ಜಿಲ್ಲೆಯಲ್ಲಿ. ದುಡ್ಡಿನ ವಿಷಯದಲ್ಲಿ ತಪ್ಪು ಊರಿನ ದರ ಹೇಳುವುದಕ್ಕಿಂತ "ಶಿರಸಿ ಎಂದು ಕೇಳಿದಿರಾ?" ಎಂದು ಬಟನ್ ಕೊಟ್ಟು ಕೇಳುವುದು ಮೇಲು. ಪದೇ ಪದೇ ಬರುವ ರೂಪಗಳನ್ನು ಪರ್ಯಾಯ ಹೆಸರುಗಳ ಟೇಬಲ್ಲಿಗೆ ಸೇರಿಸುತ್ತ ಹೋಗಿ, ಕೆಲವು ದಿನಗಳಲ್ಲಿ ಪ್ರಶ್ನೆ ಕೇಳುವ ಪ್ರಸಂಗವೇ ಅಪರೂಪವಾಗುತ್ತದೆ.

## ಬಾಟ್ ಬೆಳೆದ ಮೇಲೆ

ಬಾಟ್ "ಯಾವ ಮಾರುಕಟ್ಟೆ?" ಅಂತ ಕೇಳಿ ಉತ್ತರಕ್ಕೆ ಕಾಯಬೇಕು. ಪಿಎಚ್‌ಪಿ ಏನನ್ನೂ ನೆನಪಿಟ್ಕೊಳ್ಳಲ್ವಲ್ಲ?

ಹೌದು, ವೆಬ್‌ಹುಕ್‌ನಲ್ಲಿ ಪ್ರತಿ ಮೆಸೇಜಿಗೂ ಸ್ಕ್ರಿಪ್ಟ್ ಹೊಸದಾಗಿ ಹುಟ್ಟಿ ಸಾಯುತ್ತದೆ. ಸೆಶನ್ ಕೂಡ ಉಪಯೋಗವಿಲ್ಲ, ಟೆಲಿಗ್ರಾಂ ಕುಕಿ ಹಿಂತಿರುಗಿಸುವ ಬ್ರೌಸರ್ ಅಲ್ಲ. ಡೇಟಾಬೇಸಿನಲ್ಲಿ ಒಂದು ಟೇಬಲ್ ಮಾಡಿ: ಚಾಟ್ ಐಡಿ, ಬಳಕೆದಾರರ ಐಡಿ, ಈಗಿನ ಹಂತ, ಇಲ್ಲಿಯವರೆಗೆ ಸಿಕ್ಕ ಉತ್ತರಗಳು, ಸಮಯ. ಗ್ರೂಪಿನಲ್ಲಿ ಇಬ್ಬರು ಏಕಕಾಲಕ್ಕೆ ಕೇಳಬಹುದು, ಅದಕ್ಕೇ ಎರಡೂ ಐಡಿ ಸೇರಿ ಕೀ ಆಗಬೇಕು.

ಐಡಿಯ ಕಾಲಮ್ ಮಾಮೂಲಿ ಇಂಟ್ ಆಗಿರಬಾರದು, ಬಿಗ್‌ಇಂಟ್ ಇರಲಿ. ಟೆಲಿಗ್ರಾಂ ಐಡಿಗಳು 32 ಬಿಟ್ ಮೀರುತ್ತವೆ, ಗ್ರೂಪಿನ ಐಡಿ ಋಣಸಂಖ್ಯೆಯಾಗಿರುತ್ತದೆ. ಪಠ್ಯದ ಕಾಲಮ್‌ಗೆ ಯುಟಿಎಫ್8ಎಂಬಿ4 ಹಾಕಿ. ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8 ಕನ್ನಡಕ್ಕೆ ಸಾಲುತ್ತದೆ, ಎಮೋಜಿಗೆ ಸಾಲದು.

ಮೆಸೇಜ್ ಬಂದಾಗ ಮೊದಲು ಅದು ಕಮಾಂಡೇ ಎಂದು ನೋಡಿ, ಆಮೇಲೆ ಹಂತ ನೋಡಿ. ಅದಲು ಬದಲಾದರೆ ಮಧ್ಯದಲ್ಲಿ "/ರದ್ದು" ಎಂದವರ ಮಾತನ್ನೂ ಮಾರುಕಟ್ಟೆಯ ಹೆಸರೆಂದು ತಿಳಿದು ಬಾಟ್ ಹುಡುಕುತ್ತ ಕೂರುತ್ತದೆ. ಹೊರಬರುವ ದಾರಿ ಯಾವಾಗಲೂ ತೆರೆದಿರಲಿ. ಅರ್ಧಕ್ಕೆ ಬಿಟ್ಟ ಮಾತುಕತೆಯನ್ನು ಒಂದಿಷ್ಟು ಹೊತ್ತಾದ ಮೇಲೆ ಅಳಿಸಿಬಿಡಿ.

ಒಂದೇ ಕಮಾಂಡಿಗೆ ಎರಡೆರಡು ಸಲ ಉತ್ತರ ಹೋಗ್ತಿದೆ!

ನಿಮ್ಮ ಸ್ಕ್ರಿಪ್ಟ್ ತಡಮಾಡುತ್ತಿದೆ ಅಥವಾ ಕೊನೆಯಲ್ಲಿ 500 ಕೊಟ್ಟು ಬೀಳುತ್ತಿದೆ. 200ರ ಸಾಲಿನ ಉತ್ತರ ಸಿಗದಿದ್ದರೆ ಮೆಸೇಜ್ ತಲುಪಿಲ್ಲ ಎಂದುಕೊಂಡು ಟೆಲಿಗ್ರಾಂ ಮತ್ತೆ ಕಳಿಸುತ್ತದೆ. ಪ್ರತಿ ಅಪ್‌ಡೇಟ್ ಐಡಿಯನ್ನು ಯುನೀಕ್ ಕಾಲಮ್ ಇರುವ ಟೇಬಲ್ಲಿಗೆ ಮೊದಲೇ ಸೇರಿಸಿ, ಆಗಲೇ ಇದ್ದರೆ ಸುಮ್ಮನೆ 200 ಕೊಟ್ಟು ಹೊರಬನ್ನಿ. "ಇದೆಯಾ ನೋಡು, ಇಲ್ಲದಿದ್ದರೆ ಸೇರಿಸು" ಎಂದು ಎರಡು ಹೆಜ್ಜೆಯಲ್ಲಿ ಮಾಡಬೇಡಿ. ವೆಬ್‌ಹುಕ್‌ಗೆ ಟೆಲಿಗ್ರಾಂ ಏಕಕಾಲಕ್ಕೆ ಡಿಫಾಲ್ಟ್ ಆಗಿ 40ರವರೆಗೆ ಕನೆಕ್ಷನ್ ತೆರೆಯಬಹುದು, ಎರಡು ಹೆಜ್ಜೆಯ ನಡುವೆ ಇನ್ನೊಂದು ನುಸುಳುತ್ತದೆ.

ನಿಧಾನದ ಕೆಲಸವಿದ್ದರೆ, ಸರ್ವರ್ ಪಿಎಚ್‌ಪಿ-ಎಫ್‌ಪಿಎಂ ಆಗಿದ್ದಲ್ಲಿ, ಫಾಸ್ಟ್‌ಸಿಜಿಐ_ಫಿನಿಶ್_ರಿಕ್ವೆಸ್ಟ್ ಕರೆದು ಟೆಲಿಗ್ರಾಂಗೆ ಮೊದಲು ಉತ್ತರ ಮುಟ್ಟಿಸಿ, ಆಮೇಲೆ ಕೆಲಸ ಮುಂದುವರಿಸಿ.

ಕಮಾಂಡಿನ ಹೆಸರನ್ನೇ ಫಂಕ್ಷನ್ ಹೆಸರಾಗಿ ಕರೆದುಬಿಟ್ರೆ ಅರೇನೇ ಬೇಡ ಅಲ್ವಾ?

ಬೇಡವೇ ಬೇಡ. ವೇರಿಯಬಲ್ ನಂತರ ಆವರಣ ಹಾಕಿ ಕರೆಯಲು ಪಿಎಚ್‌ಪಿ ಬಿಡುತ್ತದೆ, ಆದರೆ ಅಪರಿಚಿತರು ಬರೆದ ಪದ ಪಿಎಚ್‌ಪಿಯ ಒಳಗಿನ ಯಾವ ಫಂಕ್ಷನ್ ಬೇಕಾದರೂ ಆಗಬಹುದು, ಸಿಸ್ಟಮ್ ಎಂಬ ಫಂಕ್ಷನ್ ಕೂಡ. ಅದರ ನಂತರದ ಪಠ್ಯ ಅದಕ್ಕೆ ಆರ್ಗ್ಯುಮೆಂಟ್ ಆಗುತ್ತದೆ. ಅಂದರೆ ನಿಮ್ಮ ಸರ್ವರನ್ನು ಚಾಟ್‌ನಿಂದಲೇ ನಡೆಸಬಹುದು. ಅರೇಯಲ್ಲಿ ಬರೆದಿರುವ ಹೆಸರುಗಳಿಗೆ ಮಾತ್ರ ಓಡುವ ಹಕ್ಕು. ಹಾಗೆಯೇ ಊರಿನ ಹೆಸರನ್ನು ಎಸ್‌ಕ್ಯುಎಲ್ ವಾಕ್ಯಕ್ಕೆ ಅಂಟಿಸಬೇಡಿ, ಡೇಟಾಬೇಸ್ ಜೊತೆ ಮಾತಾಡುವ ಪಿಡಿಒ ಕ್ಲಾಸಿನ ಪ್ರಿಪೇರ್ ಬಳಸಿ.

ವೆಬ್‌ಹುಕ್ ವಿಳಾಸ ಗೊತ್ತಾದವರು ಸುಳ್ಳು ಕಮಾಂಡ್ ಕಳಿಸಬಹುದಾ? ಅಡ್ಮಿನ್ ಕಮಾಂಡ್ ಬೇರೆ ಇದೆ.

ಕಳಿಸಬಹುದು. ಬಳಕೆದಾರರ ಐಡಿಯೂ ಆ ಜೇಸನ್‌ನಲ್ಲೇ ಇರುವುದರಿಂದ ನಿಮ್ಮ ಐಡಿಯನ್ನೇ ತುಂಬಿ ಕಳಿಸಬಹುದು. ವೆಬ್‌ಹುಕ್ ನೋಂದಾಯಿಸುವಾಗ ಸೀಕ್ರೆಟ್ ಟೋಕನ್ ಕೊಡಿ. ಆಮೇಲೆ ಪ್ರತಿ ಕರೆಯ ಹೆಡರಿನಲ್ಲೂ ಟೆಲಿಗ್ರಾಂ ಅದನ್ನು ಕಳಿಸುತ್ತದೆ. ಹ್ಯಾಶ್_ಈಕ್ವಲ್ಸ್‌ನಿಂದ ಹೋಲಿಸಿ, ತಾಳೆಯಾಗದಿದ್ದರೆ ಒಂದು ಸಾಲೂ ಮುಂದೆ ಹೋಗಬೇಡಿ. ಅಡ್ಮಿನ್ ಯಾರೆಂದು ನೋಡುವಾಗ ಯೂಸರ್‌ನೇಮ್ ಬೇಡ, ಅದನ್ನು ಬದಲಿಸಿಕೊಳ್ಳಬಹುದು. ಐಡಿ ಬದಲಾಗುವುದಿಲ್ಲ.

ಉತ್ತರ ಕೆಲವು ಸಲ ಹೋಗೋದೇ ಇಲ್ಲ, "ಎಂಟಿಟಿ ಪಾರ್ಸ್ ಮಾಡೋಕೆ ಆಗಲ್ಲ" ಅನ್ನೋ ದೋಷ.

ಅಕ್ಷರ ದಪ್ಪ, ಓರೆ ಮಾಡಲು ಇರುವ ಮಾರ್ಕ್‌ಡೌನ್ ವಿ2 ಬಳಸಿದ್ದೀರಿ. ಅದರಲ್ಲಿ ಚುಕ್ಕೆ, ಅಡ್ಡಗೆರೆ, ಆಶ್ಚರ್ಯಚಿಹ್ನೆಗೂ ಮೊದಲು ಬ್ಯಾಕ್‌ಸ್ಲ್ಯಾಶ್ ಬೇಕು. ಕನಿಷ್ಠ ದರ, ಗರಿಷ್ಠ ದರದ ನಡುವೆ ಹಾಕಿದ ಒಂದು ಅಡ್ಡಗೆರೆ ಇಡೀ ಉತ್ತರವನ್ನು ತಡೆಯುತ್ತದೆ. ಎಚ್‌ಟಿಎಂಎಲ್ ಮೋಡ್‌ಗೆ ಬದಲಿಸಿ, ಹೊರಗಿನಿಂದ ಬಂದ ಪಠ್ಯಕ್ಕೆ ಎಚ್‌ಟಿಎಂಎಲ್‌ಸ್ಪೆಶಲ್‌ಚಾರ್ಸ್ ಹಾಕಿ. ಒಂದು ಮೆಸೇಜಿಗೆ 4096 ಅಕ್ಷರದ ಮಿತಿಯೂ ಇದೆ. ದೊಡ್ಡ ಪಟ್ಟಿಯನ್ನು ಸಾಲಿನ ಕೊನೆಯಲ್ಲಿ ಒಡೆಯಿರಿ.

ಬೆಳಗ್ಗೆ ಎಲ್ಲ ಸದಸ್ಯರಿಗೂ ದರ ಕಳಿಸೋ ಅಡ್ಮಿನ್ ಕಮಾಂಡ್ ಮಾಡಿದೆ. ಅರ್ಧ ಜನಕ್ಕೆ ಹೋಗಿ ನಿಂತುಬಿಡ್ತು.

ಮಿತಿ ಮೀರಿ ಕಳಿಸಿದಿರಿ ಎನ್ನುವ 429 ದೋಷ ಬಂದಿರುತ್ತದೆ. ಸೆಕೆಂಡಿಗೆ ಸುಮಾರು 30 ಮೆಸೇಜು, ಒಂದೇ ಚಾಟ್‌ಗೆ ಸೆಕೆಂಡಿಗೆ ಒಂದು, ಗ್ರೂಪಿಗೆ ನಿಮಿಷಕ್ಕೆ 20, ಇದು ಟೆಲಿಗ್ರಾಂ ಹೇಳುವ ಅಂದಾಜು. ಆ ಕಮಾಂಡ್ ಮೆಸೇಜ್ ಕಳಿಸಬಾರದು, ಸಾಲಿನಲ್ಲಿ ನಿಲ್ಲಿಸಬೇಕು. ಅಂದರೆ ಟೇಬಲ್ಲಿಗೆ ಬರೆದು ಮುಗಿಸಬೇಕು, ಸರ್ವರಿನಲ್ಲಿ ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ನಿಂದ ಓಡುವ ಬೇರೆ ಸ್ಕ್ರಿಪ್ಟ್ ನಿಧಾನವಾಗಿ ಕಳಿಸಬೇಕು. 429ರ ಜೊತೆ ಎಷ್ಟು ಸೆಕೆಂಡ್ ಕಾಯಬೇಕು ಎಂಬುದೂ ಬಂದಿರುತ್ತದೆ, ಅಷ್ಟು ಕಾಯಿರಿ. ಬಾಟನ್ನು ಬ್ಲಾಕ್ ಮಾಡಿದವರಿಂದ 403 ಬರುತ್ತದೆ, ಅವರನ್ನು ಪಟ್ಟಿಯಿಂದ ತೆಗೆಯಿರಿ.

ಇಷ್ಟೆಲ್ಲ ಯಾಕೆ, ನಟ್‌ಗ್ರಾಮ್, ಬಾಟ್‌ಮ್ಯಾನ್ ಥರದ ಲೈಬ್ರರಿ ಹಾಕಿದ್ರೆ ಆಗಲ್ವಾ?

ಆಗುತ್ತದೆ, ಕಮಾಂಡ್ ಹತ್ತು ದಾಟಿದರೆ ಹಾಕಿಕೊಳ್ಳಿ ಎಂದೇ ಹೇಳುತ್ತೇನೆ. ಮೊದಲ ಬಾಟನ್ನು ಮಾತ್ರ ಕೈಯಾರೆ ಬರೆಯಿರಿ. ಕನ್ನಡ ಪಠ್ಯ ತೊಳೆಯುವ ಫಂಕ್ಷನ್ ಹೇಗೂ ನೀವೇ ಬರೆಯಬೇಕು. ಲೈಬ್ರರಿಗೆ ಪಠ್ಯ ಹೋಗುವ ಮೊದಲು ಅದನ್ನು ಎಲ್ಲಿ ಸೇರಿಸಬೇಕು ಎಂದು ತಿಳಿಯಲು ಒಳಗಿನ ದಾರಿ ಗೊತ್ತಿರಬೇಕು.

ಪ್ರತಿ ಸಲ ಫೋನಲ್ಲಿ ಟೈಪ್ ಮಾಡಿ ಟೆಸ್ಟ್ ಮಾಡ್ತಾ ಕೂತಿದ್ದೀನಿ. ಬೇರೆ ದಾರಿ ಇದೆಯಾ?

ಪಠ್ಯ ತೆಗೆದುಕೊಂಡು ಕಮಾಂಡ್ ಮತ್ತು ಉಳಿಕೆಯನ್ನು ಹಿಂತಿರುಗಿಸುವ ಫಂಕ್ಷನ್ನಿಗೆ ನೆಟ್‌ವರ್ಕ್, ಡೇಟಾಬೇಸ್ ಯಾವುದರ ಸಂಪರ್ಕವೂ ಇರಬಾರದು. ಆಗ ಪಿಎಚ್‌ಪಿಯುನಿಟ್‌ನಲ್ಲಿ ಸಾಲು ಸಾಲಾಗಿ ಪರೀಕ್ಷೆ ಬರೆಯಬಹುದು. ಜನ ನಿಜವಾಗಿ ಟೈಪ್ ಮಾಡಿದ್ದನ್ನೇ ಸಾಲಾಗಿಸಿ. ಎರಡು ಸ್ಪೇಸ್ ಇರುವ ಒಂದು, ಸ್ಪೇಸ್ ಬದಲು ಎಂಟರ್ ಇರುವ ಒಂದು, ಬಾಟ್ ಹೆಸರು ಅಂಟಿದ್ದು, ಸ್ಲ್ಯಾಶ್ ಇಲ್ಲದ್ದು, ಬರೀ ಸ್ಲ್ಯಾಶ್ ಇರುವುದು, ಕೊನೆಗೆ ಕಾಣದ ನಾನ್ ಜಾಯಿನರ್ ಹತ್ತಿದ್ದು, 27 ಬೈಟಿನ ಶಿವಮೊಗ್ಗ, ೧೦ ಎಂಬ ಕನ್ನಡ ಅಂಕಿ. ಕಾಣದ ಸಂಕೇತಗಳನ್ನು ಟೆಸ್ಟ್ ಫೈಲಿನಲ್ಲಿ ನೇರವಾಗಿ ಅಂಟಿಸಬೇಡಿ, ಎಡಿಟರ್ ಅಳಿಸಿದರೂ ಗೊತ್ತಾಗುವುದಿಲ್ಲ. ಜೋಡಿ ಉದ್ಧರಣ ಚಿಹ್ನೆಯೊಳಗೆ ಬ್ಯಾಕ್‌ಸ್ಲ್ಯಾಶ್ ಯು, ಅದರ ನಂತರ ಹೂವಿನ ಆವರಣದಲ್ಲಿ ಯೂನಿಕೋಡ್ ಸಂಖ್ಯೆ ಬರೆಯುವ ಪದ್ಧತಿ ಪಿಎಚ್‌ಪಿ 7ರಿಂದಲೂ ಇದೆ, ಅದನ್ನೇ ಬಳಸಿ. ಯಾರಾದರೂ "ನನ್ನ ಕಮಾಂಡ್ ನಡೀಲಿಲ್ಲ" ಎಂದು ತಿಳಿಸಿದರೆ ಸ್ಕ್ರೀನ್‌ಶಾಟ್ ಸಾಲದು, ಲಾಗ್‌ನಿಂದ ಆ ಪಠ್ಯವನ್ನು ಬಿನ್2ಹೆಕ್ಸ್ ಮಾಡಿ, ಅಂದರೆ ಬೈಟ್‌ಗಳ ರೂಪದಲ್ಲಿ, ತೆಗೆದು, ತಿದ್ದುವ ಮೊದಲೇ ಅದನ್ನು ಹೊಸ ಪರೀಕ್ಷೆಯಾಗಿ ಸೇರಿಸಿ.